ಆಸ್ಪತ್ರೆಯೆಂಬ ಗುರುಕುಲ

(ಮಠದ ಮಹೋತ್ಸವದ ಅಂಗವಾಗಿ ಬೊಮ್ಮನಹಳ್ಳಿಯ ಸದ್ಭಕ್ತರ ಸಭೆಯಲ್ಲಿ ನಡೆದ ಉಪನ್ಯಾಸ)

॥ ಶ್ರೀ ಗುರುಬಸವಲಿಂಗಾಯ ನಮಃ ॥



ಮಹೋತ್ಸವದ ಈ ಶುಭಸಂದರ್ಭದಲ್ಲಿ ಗುರುಮಹಿಮೆ, ದಾಸೋಹತತ್ತ್ವ, ಶಿವಯೋಗ ಮೊದಲಾದ ವಿಷಯಗಳನ್ನು ಕುರಿತು ವಿದ್ವಾಂಸರು ವಿಸ್ತಾರವಾಗಿ ಪ್ರತಿಪಾದಿಸಿರುವರು. ಈ ಹೊತ್ತಿನ ಉಪನ್ಯಾಸಕ್ಕೆ ಎತ್ತಿಕೊಂಡ ವಿಷಯವಾದರೋ ಮೇಲ್ನೋಟಕ್ಕೆ ಮಠಕ್ಕೆ ಹೊರಗಿನದೆಂದು ತೋರಬಹುದು. ಎಂ.ಬಿ.ಬಿ.ಎಸ್. ಪದವಿಯನ್ನು ಮುಗಿಸಿದ ತರುಣ ವೈದ್ಯನಾಗಲಿ ವೈದ್ಯೆಯಾಗಲಿ ಮುಂದಿನ ಎಂ.ಡಿ., ಎಂ.ಎಸ್. ವ್ಯಾಸಂಗಕ್ಕೆ ಯಾವ ಆಸ್ಪತ್ರೆಯನ್ನು ಆರಿಸಿಕೊಳ್ಳತಕ್ಕದ್ದು. ಕೆಲಸದ ಹೊರೆಯನ್ನು ನೋಡಿ ಆರಿಸಬೇಕೋ, ಮುಂದೆ ದೊರೆಯಬಹುದಾದ ಫೆಲೋಷಿಪ್ ಮೊದಲಾದ ಉನ್ನತ ತರಬೇತಿಯ ಅವಕಾಶವನ್ನು ನೋಡಿ ಆರಿಸಬೇಕೋ ಎಂಬುದೇ ಆ ವಿಷಯ. ಇದು ಕೌನ್ಸೆಲಿಂಗ್ ಕಚೇರಿಯ ಮಾತು, ಮಠದಲ್ಲಿ ಇದಕ್ಕೇನು ಪ್ರಸಕ್ತಿ ಎಂದು ಯಾರಾದರೂ ಕೇಳಿದರೆ ಉತ್ತರವು ಸುಲಭ. ವರ್ಷಂಪ್ರತಿ ಆ ಕಾಲವು ಬಂದಿತೆಂದರೆ ತಂದೆತಾಯಿಗಳು ಮಕ್ಕಳನ್ನು ಮುಂದಿಟ್ಟುಕೊಂಡು, ಆಸ್ಪತ್ರೆಗಳ ಪಟ್ಟಿಯನ್ನು ಕೈಯಲ್ಲಿ ಹಿಡಿದು, "ಯಾವುದನ್ನು ಮೊದಲು ಬರೆಯೋಣ, ಬುದ್ಧೀ?" ಎಂದು ಕೇಳುವುದಕ್ಕೆ ಬರುವುದು ಮಠಕ್ಕೇ ಆಗಿದೆ. ಕೇಳಲ್ಪಟ್ಟ ಪ್ರಶ್ನೆಗೆ ವಿಚಾರಪೂರ್ವಕವಾದ ಉತ್ತರವನ್ನು ಹುಡುಕುವುದು ಮಠದ ಧರ್ಮವೇ ಹೊರತು ಅನ್ಯಕಾರ್ಯವಲ್ಲ.

ಈ ಸಭೆ ಸೇರಿರುವ ಸ್ಥಳಕ್ಕಂತೂ ಈ ಪ್ರಶ್ನೆಯು ಬಹು ಸಮೀಪದ್ದು. ಬೊಮ್ಮನಹಳ್ಳಿಯು ಹಿಂದೆ ಹೊಸೂರು ರಸ್ತೆಯ ಮಗ್ಗುಲಿನ ಒಂದು ಹಳ್ಳಿ. ಅನಂತರ ನಗರಸಭೆಯಾಗಿ, ೨೦೦೭ರಲ್ಲಿ ಬೆಂಗಳೂರು ಮಹಾನಗರದೊಳಕ್ಕೆ ಸೇರಿತು. ಅದೇ ರಸ್ತೆಯಲ್ಲಿ ಉತ್ತರಾಭಿಮುಖವಾಗಿ ಹೊರಟರೆ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜೂ, ಮುಂದೆ ನಿಮ್ಹಾನ್ಸ್ ಮತ್ತು ಕಿದ್ವಾಯಿ ಗಂಥಿ ಸಂಸ್ಥೆಗಳೂ ಒಂದರ ಹಿಂದೊಂದು ಎದುರಾಗುವುವು. ೨೦೨೫ರ ಆಗಸ್ಟ್ ತಿಂಗಳಲ್ಲಿ ಹಳದಿ ಮಾರ್ಗದ ಮೆಟ್ರೋ ರೈಲು ಆರಂಭವಾದ ಮೇಲೆ ಬೊಮ್ಮನಹಳ್ಳಿಯಲ್ಲಿ ಹತ್ತಿದವನು ಸಿಲ್ಕ್ ಬೋರ್ಡ್, ಬಿ.ಟಿ.ಎಂ. ಬಡಾವಣೆಗಳನ್ನು ದಾಟಿ ಮೂರನೆಯ ನಿಲ್ದಾಣದಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆಯೇ ಇಳಿಯುತ್ತಾನೆ. ಆ ಸಂಸ್ಥೆಗೆ ಚಿತ್ರದುರ್ಗದ ಬೃಹನ್ಮಠದ ಜಗದ್ಗುರು ಶ್ರೀ ಜಯದೇವ ಮುರುಘರಾಜೇಂದ್ರ ಮಹಾಸ್ವಾಮಿಗಳವರ ನಾಮಧೇಯವಿರುವುದನ್ನು ಸ್ಮರಿಸಿದರೆ ಮಠಕ್ಕೂ ಆಸ್ಪತ್ರೆಗೂ ಇರುವ ನಂಟು ಹೊಸದಲ್ಲವೆಂಬುದು ವಿಶದವಾಗುವುದು. ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಬಹುಪಾಲನ್ನು ತನ್ನ ಅಧೀನದಲ್ಲಿಟ್ಟುಕೊಂಡಿರುವ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ೧೯೯೬ರಲ್ಲಿ ಸ್ಥಾಪಿತವಾಗಿ ಇದೇ ಜಯನಗರದಲ್ಲಿ ನೆಲೆಗೊಂಡಿದೆ. ಇತ್ತ ಬೊಮ್ಮನಹಳ್ಳಿಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವ ಸಾವಿರಾರು ತಾಯಂದಿರು ರೋಗಪೀಡಿತರಾದಾಗ ಸೇರುವುದು ಇಂಥ ಆಸ್ಪತ್ರೆಗಳನ್ನೇ. ಅಪರಾತ್ರಿಯಲ್ಲಿ ಅವರ ಕೈಯ ನಾಡಿಯನ್ನು ಮೊದಲು ಹಿಡಿಯುವವನು ಪ್ರಸಿದ್ಧ ತಜ್ಞನಲ್ಲ, ಇಪ್ಪತ್ತಾರು ಇಪ್ಪತ್ತೇಳು ವಯಸ್ಸಿನ ರೆಸಿಡೆಂಟ್ ವೈದ್ಯನು. ಆದಕಾರಣ ಆ ವೈದ್ಯನು ಎಲ್ಲಿ ಕಲಿತನು, ಹೇಗೆ ಕಲಿತನು, ಅಂದು ನಿದ್ರಿಸಿದ್ದನೋ ಇಲ್ಲವೋ ಎಂಬುದು ಅವನ ಮನೆಯವರಿಗೆ ಮಾತ್ರವಲ್ಲದೆ ಸಮಸ್ತ ಲೋಕಕ್ಕೂ ಸಂಬಂಧಪಟ್ಟ ಸಂಗತಿಯಾಗಿದೆ.

ಮೊದಲು ಆ ಹೆಸರಿನ ಅರ್ಥವನ್ನು ವಿಚಾರಿಸೋಣವಾಗಲಿ. ರೆಸಿಡೆಂಟ್ ಎಂದರೆ ನಿವಾಸಿ, ಆಸ್ಪತ್ರೆಯಲ್ಲಿಯೇ ವಾಸಮಾಡುವವನು. ೧೮೮೯ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯು ತೆರೆಯಲ್ಪಟ್ಟಾಗ ಆಸ್ಲರ್, ಹಾಲ್‌ಸ್ಟೆಡ್ ಎಂಬ ಆಚಾರ್ಯರು ಈ ಪದ್ಧತಿಯನ್ನು ಬಲಪಡಿಸಿದರು. ತರುಣ ವೈದ್ಯರು ಅಲ್ಲಿಯೇ ಉಂಡು, ಅಲ್ಲಿಯೇ ಮಲಗಿ, ವರ್ಷಗಟ್ಟಲೆ ಹಗಲಿರುಳು ರೋಗಿಗಳ ಸೇವೆಯಲ್ಲಿದ್ದು ವಿದ್ಯೆಯನ್ನು ಸಂಪಾದಿಸುತ್ತಿದ್ದರು. ಕೇಳುವುದಕ್ಕೆ ಇದು ಭರತಖಂಡದ ಗುರುಕುಲವಾಸದಂತೆಯೇ ಇದೆ. ಆದರೆ ಭೇದವೊಂದನ್ನು ಮರೆಯಲಾಗದು. ಗುರುಕುಲದಲ್ಲಿ ಶಿಷ್ಯನು ಎಚ್ಚರವಿರುವಾಗ ಗುರುವೂ ಸಮೀಪದಲ್ಲಿರುತ್ತಾನೆ. ಶಿಷ್ಯನ ಅನ್ನ, ನಿದ್ರೆ, ಆರೋಗ್ಯಗಳಿಗೆ ಗುರುವೇ ಹೊಣೆ. ಆ ಕಠಿಣ ಪದ್ಧತಿಯನ್ನು ಕಟ್ಟಿದ ಹಾಲ್‌ಸ್ಟೆಡ್ ಮಹಾಶಯನೇ ಕೊಕೇನನ್ನು ತನ್ನ ಮೇಲೆ ಪ್ರಯೋಗಿಸಿಕೊಂಡು ಅದಕ್ಕೆ ದಾಸನಾಗಿ, ಬಳಿಕ ಮಾರ್ಫೀನಿಗೂ ವಶನಾಗಿದ್ದನೆಂಬುದು ಇತಿಹಾಸವು ಹೇಳುವ ಮಾತು. ಮನುಷ್ಯಶರೀರಕ್ಕೆ ಮಿತಿಯಿಲ್ಲವೆಂದು ಭಾವಿಸಿದ ವ್ಯವಸ್ಥೆಯು ಕಟ್ಟಿದವನನ್ನೂ ರಕ್ಷಿಸಲಿಲ್ಲ.

ಈಗ ಮಾರ್ಗದ ದೂರವನ್ನು ನೋಡತಕ್ಕದ್ದು. ಎಂ.ಬಿ.ಬಿ.ಎಸ್. ವ್ಯಾಸಂಗವು ನಾಲ್ಕೂವರೆ ವರ್ಷ, ಅದರ ಮೇಲೆ ಇಂಟರ್ನ್‌ಷಿಪ್ ಒಂದು ವರ್ಷ, ನೀಟ್ ಪಿ.ಜಿ. ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ಸ್ಥಾನವನ್ನು ಪಡೆದರೆ ಎಂ.ಡಿ. ಅಥವಾ ಎಂ.ಎಸ್. ಮೂರು ವರ್ಷ, ಹೃದ್ರೋಗ, ನರರೋಗ, ಮೂತ್ರಪಿಂಡರೋಗ ಮೊದಲಾದ ವಿಶೇಷ ಶಾಖೆಗಳಲ್ಲಿ ಡಿ.ಎಂ. ಅಥವಾ ಎಂ.ಸಿ.ಹೆಚ್. ಪದವಿಗೆ ಮತ್ತೆ ಮೂರು ವರ್ಷ. ಅದಕ್ಕೂ ಮುಂದೆ ಅಥವಾ ಅದಕ್ಕೆ ಬದಲಾಗಿ ವರ್ಷ ಎರಡು ವರ್ಷಗಳ ಫೆಲೋಷಿಪ್. ಹದಿನೆಂಟನೆಯ ವಯಸ್ಸಿನಲ್ಲಿ ಹೊರಟವನು ಮೂವತ್ತಕ್ಕೆ ಮೊದಲು ನಿಲ್ದಾಣವನ್ನು ಸೇರಲಾರನು. ಇಷ್ಟು ದೀರ್ಘವಾದ ಯಾತ್ರೆಯಲ್ಲಿ ನಡುವಣ ಮೂರು ವರ್ಷಗಳನ್ನು ಎಲ್ಲಿ ಕಳೆಯಬೇಕೆಂಬ ತೀರ್ಮಾನವು ಮಾತ್ರ, ಕೆಲವೇ ದಿನಗಳ ಅವಧಿಯಲ್ಲಿ, ಸ್ಥಾನಗಳನ್ನು ಇಷ್ಟದ ಕ್ರಮದಲ್ಲಿ ನಮೂದಿಸುವುದರಿಂದ ಆಗಿಹೋಗುತ್ತದೆ.

ದೃಷ್ಟಾಂತಕ್ಕಾಗಿ ಬೊಮ್ಮನಹಳ್ಳಿಯ ಒಂದು ಮನೆಯನ್ನು ಭಾವಿಸಿಕೊಳ್ಳಿರಿ. ತಂದೆಯು ಉಡುಪಿನ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್; ತಾಯಿಯು ಮನೆವಾರ್ತೆಯನ್ನು ನೋಡಿಕೊಳ್ಳುವವಳು; ಮಗಳು ಎಂ.ಬಿ.ಬಿ.ಎಸ್. ಮುಗಿಸಿದವಳು. ಅಜ್ಜನು ಎದೆನೋವಿನಿಂದ ಲಿಂಗೈಕ್ಯನಾದ ದಿನದಿಂದ ಹೃದ್ರೋಗವೈದ್ಯೆಯಾಗಬೇಕೆಂಬ ಸಂಕಲ್ಪ ಆಕೆಯದು. ಅದಕ್ಕೆ ಮೊದಲ ಮೆಟ್ಟಿಲು ಜನರಲ್ ಮೆಡಿಸಿನ್ ಶಾಖೆಯ ಎಂ.ಡಿ. ಆಕೆಗೆ ಬಂದ ಅಂಕಗಳಿಗೆ ಮೂರು ಸ್ಥಾನಗಳು ದೊರೆಯುವ ಸಂಭವವಿದೆ. ಮೊದಲನೆಯದು ದೊಡ್ಡ ಹೆಸರಿನದು, ರೋಗಿಗಳ ಸಂದಣಿ ಅಪಾರ. ಎರಡನೆಯದು ರೋಗಿಗಳು ಕಡಿಮೆ, ಬಿಡುವು ಹೆಚ್ಚು. ಮೂರನೆಯದು ದೂರದ ಜಿಲ್ಲಾಕೇಂದ್ರದಲ್ಲಿರುವುದು, ಯಾರೂ ವಿಶೇಷವಾಗಿ ಹೊಗಳದೆ ಇರುವುದು. "ಹೆಸರಿರುವ ಕಡೆಗೆ ಹೋಗು ಮಗಳೇ, ಹೆಸರೊಂದಿದ್ದರೆ ಮುಂದಿನ ಬಾಗಿಲುಗಳು ತಾವಾಗಿ ತೆರೆಯುವುವು" ಎಂಬುದು ತಂದೆಯ ಅಭಿಪ್ರಾಯ. "ಕೆಲಸ ಹಗುರವಾಗಿರುವ ಕಡೆಗೆ ಹೋಗಮ್ಮ, ಓದುವುದಕ್ಕೆ ಹೊತ್ತು ದೊರೆತರೆ ಮುಂದಿನ ಪರೀಕ್ಷೆಯನ್ನು ಗೆಲ್ಲಬಹುದು" ಎಂಬುದು ಸೋದರಮಾವನ ಬುದ್ಧಿವಾದ. ಮೂರನೆಯದನ್ನು ಯಾರೂ ಎಣಿಕೆಗೇ ತೆಗೆದುಕೊಳ್ಳಲಿಲ್ಲ. ಈ ಇಬ್ಬರ ಮಾತಿನಲ್ಲಿಯೂ ಅರ್ಧ ಸತ್ಯವುಂಟು. ಅರ್ಧ ಸತ್ಯವು ಪೂರ್ಣ ಅಸತ್ಯಕ್ಕಿಂತ ಹೆಚ್ಚು ದಾರಿತಪ್ಪಿಸುವುದರಿಂದ ಎರಡನ್ನೂ ಪ್ರತ್ಯೇಕವಾಗಿ ಪರೀಕ್ಷಿಸತಕ್ಕದ್ದು.

ಮೊದಲು ಹೊರೆಯ ವಿಚಾರ. ೧೯೮೪ರಲ್ಲಿ ನ್ಯೂಯಾರ್ಕ್ ನಗರದ ಒಂದು ಆಸ್ಪತ್ರೆಯಲ್ಲಿ ಜ್ವರದಿಂದ ಸೇರಿದ ೧೮ ವರ್ಷದ ತರುಣಿಯೊಬ್ಬಳು ಒಂದೇ ರಾತ್ರಿಯೊಳಗೆ ಮೃತಳಾದಳು. ಆಕೆಯನ್ನು ನೋಡಿಕೊಂಡವರು ದೀರ್ಘಕಾಲದಿಂದ ಕರ್ತವ್ಯದಲ್ಲಿದ್ದ ತರುಣ ವೈದ್ಯರು. ತಂದೆಯು ಹಟದಿಂದ ನಡೆಸಿದ ಹೋರಾಟದ ಫಲವಾಗಿ ವಿಚಾರಣಾ ಸಮಿತಿಯು ನೇಮಕವಾಗಿ, ೧೯೮೯ರಲ್ಲಿ ಆ ಸಂಸ್ಥಾನದಲ್ಲಿ ವಾರಕ್ಕೆ ೮೦ ಗಂಟೆಗಳ ಮಿತಿಯು ಜಾರಿಗೆ ಬಂದಿತು. ೨೦೦೩ರಲ್ಲಿ ಅದೇ ಮಿತಿಯು ಅಮೆರಿಕ ದೇಶಕ್ಕೆಲ್ಲ ವಿಸ್ತರಿಸಲ್ಪಟ್ಟಿತು. ಇಲ್ಲಿ ಗಮನಿಸತಕ್ಕ ಅಂಶವೇನೆಂದರೆ, ಆ ಸಮಿತಿಯು ಕೇವಲ ಗಂಟೆಗಳನ್ನು ಎಣಿಸಿ ಸುಮ್ಮನಾಗಲಿಲ್ಲ. ತರುಣ ವೈದ್ಯರ ಮೇಲೆ ಅನುಭವಿಗಳಾದ ಹಿರಿಯರ ಮೇಲ್ವಿಚಾರಣೆಯು ಸದಾ ಇರತಕ್ಕದ್ದೆಂಬುದನ್ನೂ ಅಷ್ಟೇ ಒತ್ತಿ ಹೇಳಿತು. ದಣಿವು ಒಂದು ದೋಷ. ದಣಿದವನ ಪಕ್ಕದಲ್ಲಿ ಗುರುವಿಲ್ಲದಿರುವುದು ಅದಕ್ಕಿಂತ ಹಿರಿದಾದ ದೋಷ.

ಮುಂದೆ ನಡೆದ ಸಂಶೋಧನೆಗಳೂ ಈ ಎರಡು ಮುಖಗಳನ್ನೇ ತೋರಿಸಿವೆ. ೨೦೦೪ರಲ್ಲಿ ಬಾಸ್ಟನ್ ನಗರದ ತೀವ್ರನಿಗಾ ಘಟಕಗಳಲ್ಲಿ ನಡೆದ ಪರೀಕ್ಷೆಯಲ್ಲಿ, ೨೪ ಗಂಟೆಗಳಿಗೂ ಮೀರಿದ ಸರದಿಗಳಲ್ಲಿ ದುಡಿಯುವಾಗ ತರುಣ ವೈದ್ಯರಿಂದ ಆದ ಗಂಭೀರ ಪ್ರಮಾದಗಳು, ಸರದಿಯನ್ನು ಕುಗ್ಗಿಸಿದಾಗ ಆದವುಗಳಿಗಿಂತ ಶೇಕಡಾ ೩೬ರಷ್ಟು ಹೆಚ್ಚಾಗಿದ್ದುವು. ೨೦೧೬ರಲ್ಲಿಯಾದರೋ, ೧೧೭ ಶಸ್ತ್ರವೈದ್ಯ ಶಿಕ್ಷಣಕೇಂದ್ರಗಳನ್ನು ಒಳಗೊಂಡ ಮತ್ತೊಂದು ಪರೀಕ್ಷೆಯು, ವಾರದ ೮೦ ಗಂಟೆಗಳ ಮಿತಿಯನ್ನು ಹಾಗೆಯೇ ಇಟ್ಟು ಒಳಗಿನ ಸರದಿಗಳನ್ನು ಸಡಿಲಿಸಿದರೆ ರೋಗಿಗಳ ಮರಣ ಮತ್ತು ತೀವ್ರ ತೊಡಕುಗಳಲ್ಲಿ ಹೆಚ್ಚಳವೇನೂ ಕಾಣಲಿಲ್ಲವೆಂದು ತಿಳಿಸಿತು. ಸರದಿಯು ಬದಲಾಗುವಾಗಲೆಲ್ಲ ರೋಗಿಯ ವೃತ್ತಾಂತವು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಸಾಗಬೇಕು. ಸಾಗುವಾಗ ಸೋರಿಹೋಗುವ ಮಾತುಗಳೂ ಅಪಾಯಕರವೇ. ಆದಕಾರಣ ಗಂಟೆ ಕಡಿಮೆಯಾದ ಮಾತ್ರಕ್ಕೆ ಎಲ್ಲವೂ ಒಳಿತಾಗುವುದೆಂದಾಗಲಿ, ಗಂಟೆಗೆ ಮಿತಿಯೇ ಬೇಡವೆಂದಾಗಲಿ ಪ್ರಾಜ್ಞನಾದವನು ಹೇಳಲಾರನು.

ಭಾರತದಲ್ಲಿ ಮಿತಿಯ ಮಾತು ಹೊಸದಲ್ಲ. ೧೯೯೨ರಲ್ಲಿ ಕೇಂದ್ರ ಸರ್ಕಾರವು ರೆಸಿಡೆಂಟ್ ವೈದ್ಯರ ಯೋಜನೆಯಲ್ಲಿ, ಎಡೆಬಿಡದ ಕರ್ತವ್ಯವು ಸಾಮಾನ್ಯವಾಗಿ ದಿನಕ್ಕೆ ೧೨ ಗಂಟೆಗಳನ್ನೂ ವಾರಕ್ಕೆ ೪೮ ಗಂಟೆಗಳನ್ನೂ ಮೀರಬಾರದೆಂದು ನಿರ್ದೇಶಿಸಿತು. ರಾಷ್ಟ್ರೀಯ ವೈದ್ಯಕೀಯ ಆಯೋಗವು ೨೦೨೩ರಲ್ಲಿ ಹೊರಡಿಸಿದ ಸ್ನಾತಕೋತ್ತರ ಶಿಕ್ಷಣದ ನಿಯಮಗಳಲ್ಲಿ, ವಿದ್ಯಾರ್ಥಿಗಳಿಗೆ ಯುಕ್ತವಾದ ಕೆಲಸದ ಅವಧಿಯೂ ದಿನಂಪ್ರತಿ ಯುಕ್ತವಾದ ವಿಶ್ರಾಂತಿಯೂ ಇರಬೇಕೆಂದೂ, ಕಾರ್ಯದ ಅನಿವಾರ್ಯತೆಗೆ ಒಳಪಟ್ಟು ವಾರಕ್ಕೊಂದು ರಜೆಯೂ ವರ್ಷಕ್ಕೆ ೨೦ ದಿನಗಳ ಸಾಂದರ್ಭಿಕ ರಜೆಯೂ ದೊರೆಯಬೇಕೆಂದೂ ವಿಧಿಸಿದೆ. ಅದೇ ಆಯೋಗವು ವೈದ್ಯವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ವಿಚಾರಿಸಲು ನೇಮಿಸಿದ ಕಾರ್ಯಪಡೆಯು ೨೦೨೪ರಲ್ಲಿ ವರದಿಯನ್ನೊಪ್ಪಿಸಿ, ವಾರಕ್ಕೆ ೭೪ ಗಂಟೆಗಳನ್ನು ಮೀರಬಾರದೆಂದೂ ನಿತ್ಯವೂ ಏಳೆಂಟು ಗಂಟೆಗಳ ನಿದ್ರೆಯು ಅವಶ್ಯವೆಂದೂ ಸಲಹೆ ಮಾಡಿತು. ಆ ಸಮೀಕ್ಷೆಗೆ ಉತ್ತರಿಸಿದ ೫,೩೩೭ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ಶೇಕಡಾ ೪೫ರಷ್ಟು ಮಂದಿ ವಾರಕ್ಕೆ ೬೦ ಗಂಟೆಗಳಿಗಿಂತ ಹೆಚ್ಚು ದುಡಿಯುತ್ತಿರುವುದಾಗಿಯೂ, ಅರ್ಧಕ್ಕಿಂತ ಹೆಚ್ಚು ಮಂದಿ ವಾರದ ರಜೆಯೇ ತಮಗಿಲ್ಲವೆಂದೂ ತಿಳಿಸಿದರು. ಇನ್ನೂ ಭಯಾವಹವಾದ ಸಂಗತಿಯೆಂದರೆ, ಹತ್ತರಲ್ಲಿ ಮೂವರಷ್ಟು ವಿದ್ಯಾರ್ಥಿಗಳು ತಮಗೆ ಪ್ರಾಣತ್ಯಾಗದ ಯೋಚನೆಯು ಬಂದುದುಂಟೆಂದು ಒಪ್ಪಿಕೊಂಡರು. ಕಾಗದದ ಮೇಲಿನ ನಿಯಮಕ್ಕೂ ವಾರ್ಡಿನ ನಡೆವಳಿಕೆಗೂ ಇರುವ ಅಂತರವು ಇಂಥದು. ಆದಕಾರಣವೇ ನಿಯಮವೇನೆಂದು ಓದಿ ತೃಪ್ತಿಪಡದೆ, ಅದು ಆಯಾ ಆಸ್ಪತ್ರೆಯಲ್ಲಿ ನಡೆಯುತ್ತಿದೆಯೇ ಎಂದು ಹೋಗಿ ವಿಚಾರಿಸತಕ್ಕದ್ದು.

ಎರಡನೆಯದು ಮುಂದಿನ ತರಬೇತಿಯ ಆಸೆ. ಇಲ್ಲಿ ಒಂದು ಭ್ರಾಂತಿಯು ಬಹುಮಂದಿಯನ್ನು ಆವರಿಸಿದೆ. ಸಮುದ್ರದಾಚೆಯ ಬಂಧುಗಳಿಂದ ಕೇಳಿದ ಮಾತುಗಳನ್ನು ಇಲ್ಲಿಗೂ ಅನ್ವಯಿಸುವುದೇ ಆ ಭ್ರಾಂತಿಗೆ ಮೂಲ. ಅಮೆರಿಕದಲ್ಲಿ ಅಭ್ಯರ್ಥಿಗಳು ಆಸ್ಪತ್ರೆಗಳನ್ನೂ ಆಸ್ಪತ್ರೆಗಳು ಅಭ್ಯರ್ಥಿಗಳನ್ನೂ ಪರಸ್ಪರ ಕ್ರಮಪಟ್ಟಿಯಲ್ಲಿ ಬರೆದು ಹೊಂದಿಸುವ ಮ್ಯಾಚ್ ಎಂಬ ಏರ್ಪಾಡು ೧೯೫೨ರಿಂದ ನಡೆದುಬಂದಿದೆ. ಮೂರು ವರ್ಷಗಳ ಇಂಟರ್ನಲ್ ಮೆಡಿಸಿನ್ ರೆಸಿಡೆನ್ಸಿಯ ಬಳಿಕ ಮೂರು ವರ್ಷಗಳ ಹೃದ್ರೋಗ ಫೆಲೋಷಿಪ್ಪಿಗೆ ಸೇರುವಾಗ ಗುರುಗಳ ಶಿಫಾರಸು ಪತ್ರಗಳು, ಸಂಶೋಧನೆ, ಸಂದರ್ಶನ, ಕಲಿತ ಸಂಸ್ಥೆಯ ಖ್ಯಾತಿ ಇವುಗಳಿಗೆ ಬಹಳ ತೂಕವಿದೆ. ಅಲ್ಲಿಗೆ ಹೋಗಿರುವ ಕನ್ನಡ ಮನೆತನಗಳ ಮಕ್ಕಳು ಸಂಸ್ಥೆಯ ಹೆಸರನ್ನು ಎಣಿಕೆಗೆ ತಂದುಕೊಂಡರೆ ತಪ್ಪಲ್ಲ. ಭಾರತದಲ್ಲಿಯಾದರೋ ೨೦೧೭ರಿಂದ ಡಿ.ಎಂ., ಎಂ.ಸಿ.ಹೆಚ್. ಸ್ಥಾನಗಳಲ್ಲಿ ಬಹುಪಾಲು ನೀಟ್ ಎಸ್.ಎಸ್. ಎಂಬ ಏಕಪರೀಕ್ಷೆಯ ಮೂಲಕವೂ, ನಿಮ್ಹಾನ್ಸ್‌ನಂತಹ ರಾಷ್ಟ್ರೀಯ ಮಹತ್ತ್ವದ ಸಂಸ್ಥೆಗಳ ಸ್ಥಾನಗಳು ಅವುಗಳಿಗೇ ಮೀಸಲಾದ ಪ್ರವೇಶಪರೀಕ್ಷೆಯ ಮೂಲಕವೂ ತುಂಬಲ್ಪಡುತ್ತವೆ. ನೀಟ್ ಎಸ್.ಎಸ್. ಬರೆಯುವವನನ್ನು ನೀನು ಎಂ.ಡಿ. ಕಲಿತ ಆಸ್ಪತ್ರೆಯ ಹೆಸರೇನೆಂದು ಉತ್ತರಪತ್ರಿಕೆಯು ಕೇಳುವುದಿಲ್ಲ. ಅಲ್ಲಿ ನಡೆಯುವುದು ತಲೆಯಲ್ಲಿ ನಿಂತ ವಿದ್ಯೆ; ಅನಂತರ ಜೀವಮಾನವೆಲ್ಲ ನಡೆಯುವುದು ಕೈಯಲ್ಲಿ ನಿಂತ ವಿದ್ಯೆ. ಕಡೆಯ ಹಂತದ ಕಿರಿಯ ಅವಧಿಯ ಫೆಲೋಷಿಪ್ಪುಗಳಲ್ಲಿ ಗುರುವಿನ ಪರಿಚಯಕ್ಕೆ ಬೆಲೆಯುಂಟೆಂಬುದು ನಿಜ. ಆದರೆ ಆ ಪರಿಚಯವು ಶಿಷ್ಯನನ್ನು ಬಲ್ಲ ಗುರುವಿನದಾಗಿರಬೇಕೇ ಹೊರತು ಶಿಷ್ಯನ ಮುಖವನ್ನೇ ಅರಿಯದ ಪ್ರಖ್ಯಾತನದಾಗಿ ಪ್ರಯೋಜನವಿಲ್ಲ.

ಹೀಗಿರುವಲ್ಲಿ ತಂದೆಯು ಹಿಡಿದ ಹೆಸರೂ ಸೋದರಮಾವನು ಹಿಡಿದ ಬಿಡುವೂ ಎರಡೂ ಗೌಣವಾದುವು. ಹಾಗಾದರೆ ಮುಖ್ಯವಾದುದು ಯಾವುದು? ಶರಣರು ಇದನ್ನು ಶತಮಾನಗಳ ಹಿಂದೆಯೇ ನಿರ್ಣಯಿಸಿರುವರು. ಕಾಯಕವೆಂದರೆ ಶ್ರಮವೇ ಅಲ್ಲವೇ, ಅದರಲ್ಲಿ ಗಂಟೆಯ ಲೆಕ್ಕವೇಕೆ ಎಂದು ಆಕ್ಷೇಪಿಸುವವರುಂಟು. ಅಂಥವರು ಆಯ್ದಕ್ಕಿ ಮಾರಯ್ಯನ ಕಥೆಯನ್ನು ಸ್ಮರಿಸತಕ್ಕದ್ದು. ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಆ ಶರಣನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಹೊತ್ತು ತಂದನು. ಪತ್ನಿಯಾದ ಲಕ್ಕಮ್ಮನು ಮೆಚ್ಚಲಿಲ್ಲ. ಅದು ಕಾಯಕವಲ್ಲ, ಆಸೆಯೆಂದು ತಿಳಿಯಹೇಳಿ, ಹೆಚ್ಚಿನದನ್ನು ಎಲ್ಲಿಂದ ತಂದನೋ ಅಲ್ಲಿಯೇ ಸುರಿದುಬರುವಂತೆ ಮಾಡಿದಳು. ಕಾಯಕಕ್ಕೂ ಅಳತೆಯುಂಟೆಂಬುದು ಈ ಕಥೆಯ ಹೃದಯ. ನಿದ್ರೆಗೆಟ್ಟು ಕಣ್ಣು ಕಾಣದಾದ ವೈದ್ಯನು ಮೂವತ್ತನೆಯ ಗಂಟೆಯಲ್ಲಿ ಕೊಡುವ ಔಷಧವು ಆ ಹೆಚ್ಚಿನ ಅಕ್ಕಿಯಂತೆ; ನೋಡುವುದಕ್ಕೆ ಸೇವೆ, ವಿಚಾರಿಸಿದರೆ ಅಪಾಯ. ಹಾಗೆಂದು ಅಕ್ಕಿಯನ್ನು ಆಯುವುದನ್ನೇ ಬಿಟ್ಟು ಕುಳಿತುಕೊಳ್ಳಲು ಲಕ್ಕಮ್ಮನು ಹೇಳಲಿಲ್ಲವೆಂಬುದನ್ನೂ ಮರೆಯಬಾರದು. ಪತಿಯು ಕಾಯಕವನ್ನು ಮರೆತು ಶರಣರ ಅನುಭಾವದಲ್ಲಿ ಮೈಮರೆತು ಕುಳಿತಾಗ ಎಚ್ಚರಿಸಿ ಎಬ್ಬಿಸಿದವಳೂ ಆಕೆಯೇ. ಬಸವಾದಿ ಶರಣರ ಸಮೂಹದಲ್ಲಿ ವೈದ್ಯವೃತ್ತಿಯನ್ನೇ ಕಾಯಕವಾಗಿ ಕೈಕೊಂಡಿದ್ದ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ಅವನ ಪರಂಪರೆಗೆ ಸೇರಿದ ತರುಣನಿಗೆ ಹಗುರವಾದ ಸ್ಥಾನವು ಆದರ್ಶವಾಗಲಾರದು. ಅಳತೆಯುಳ್ಳ ಸ್ಥಾನವು ಆದರ್ಶವಾಗಬೇಕು. ಗುರುವು ಜೊತೆಗಿದ್ದರೆ ಭಾರವೂ ಕಾಯಕವಾಗುವುದು. ಗುರುವಿಲ್ಲದಿದ್ದರೆ ಅದೇ ಭಾರವು ಬಿಟ್ಟಿಯ ಚಾಕರಿಯಾಗುವುದು.

ದೃಷ್ಟಾಂತದ ಮನೆಗೆ ಮರಳೋಣವಾಗಲಿ. ಸೋಮವಾರದ ದಿನ ತಂದೆತಾಯಿಗಳು ಮಗಳೊಡನೆ ಮಠಕ್ಕೆ ಬಂದು ಪಟ್ಟಿಯನ್ನು ಶ್ರೀಗಳವರ ಪಾದದ ಬಳಿ ಇಟ್ಟರೆಂದು ಭಾವಿಸಿರಿ. ಶ್ರೀಗಳವರು ಪಟ್ಟಿಯನ್ನು ನೋಡದೆ ಹೀಗೆ ಅಪ್ಪಣೆ ಕೊಡಿಸುವರು: "ತಾಯೀ, ಪಟ್ಟಿಯಲ್ಲಿ ಹೆಸರಿರುತ್ತದೆ, ಆಸ್ಪತ್ರೆ ಇರುವುದಿಲ್ಲ. ಮೂರು ಕಡೆಗೂ ಹೋಗಿ ಬಾ. ದೊಡ್ಡವರ ಕೊಠಡಿಯಲ್ಲಿ ವಿಚಾರಿಸಬೇಡ. ಹಾಸ್ಟೆಲಿನ ಮೆಸ್ಸಿನಲ್ಲಿ ಊಟಕ್ಕೆ ಕುಳಿತಿರುವ ಎರಡನೆಯ ವರ್ಷದವರನ್ನು ಕೇಳು. ಮಧ್ಯರಾತ್ರಿಯಲ್ಲಿ ರೋಗಿಯು ಕೈಮೀರಿದಾಗ ಯಾರು ಬರುತ್ತಾರೆ? ರಾತ್ರಿಯ ಡ್ಯೂಟಿ ಮುಗಿಸಿದವರು ಮರುದಿನ ಮಲಗುತ್ತಾರೆಯೋ, ನೇರವಾಗಿ ಹೊರರೋಗಿ ವಿಭಾಗಕ್ಕೆ ನಡೆಯುತ್ತಾರೆಯೋ? ರೋಗಿಯ ಹಾಸಿಗೆಯ ಬಳಿ ನಿಂತು ಪಾಠ ಹೇಳುವವರುಂಟೋ? ನಿಮ್ಮ ಕೈಯಿಂದಲೇ ಯಾವ ಯಾವ ಕ್ರಿಯೆಗಳನ್ನು ಹಿರಿಯರ ಎದುರಿನಲ್ಲಿ ಮಾಡಿಸಿದ್ದಾರೆ? ಕಳೆದ ಮೂರು ವರ್ಷಗಳಲ್ಲಿ ಎಷ್ಟು ಮಂದಿ ಮುಂದಕ್ಕೆ ಹೋದರು, ಎಷ್ಟು ಮಂದಿ ನಡುವೆಯೇ ಬಿಟ್ಟುಹೋದರು? ಈ ಐದನ್ನು ಕೇಳಿಕೊಂಡು ಬಾ."

ಮಗಳು ಹಾಗೆಯೇ ಮಾಡಿದಳು. ದೊಡ್ಡ ಹೆಸರಿನ ಕಡೆಯಲ್ಲಿ ದೊರೆತ ಉತ್ತರ: ರಾತ್ರಿ ಹಿರಿಯರು ದೂರವಾಣಿಯಲ್ಲಿ ದೊರೆಯುವರು, ಹಾಸಿಗೆಯ ಬಳಿ ದೊರೆಯರು, ರಾತ್ರಿ ಮುಗಿದರೆ ಹಗಲಿನ ಕೆಲಸ, ಇಬ್ಬರು ನಡುವೆಯೇ ಬಿಟ್ಟರು. ಬಿಡುವಿನ ಕಡೆಯಲ್ಲಿ ದೊರೆತ ಉತ್ತರ: ಓದಲು ಹೊತ್ತು ಧಾರಾಳ, ಆದರೆ ರೋಗಿಗಳೇ ವಿರಳವಾದುದರಿಂದ ಎರಡು ವರ್ಷ ಕಳೆದರೂ ಕೈ ಪಳಗಲಿಲ್ಲ. ಮೂರನೆಯ ಕಡೆಯಲ್ಲಿ ಕೆಲಸವು ಹಗುರವಾಗಿರಲಿಲ್ಲ, ವಾರ್ಡುಗಳು ತುಂಬಿದ್ದುವು. ಆದರೆ ಪ್ರಾಧ್ಯಾಪಕರು ರಾತ್ರಿ ಎರಡು ಗಂಟೆಗೆ ತಾವೇ ಎದ್ದು ಬಂದು ಶಿಷ್ಯನ ಕೈಹಿಡಿದು ಸೂಜಿಯನ್ನು ಹಾಕಿಸಿದ ಪ್ರಸಂಗವನ್ನು ಒಬ್ಬನಲ್ಲ, ಮೂವರು ಹೇಳಿದರು. ರಾತ್ರಿ ದುಡಿದವರನ್ನು ಮರುದಿನ ಮಧ್ಯಾಹ್ನದೊಳಗೆ ಮಲಗಲು ಕಳುಹಿಸುವ ವಾಡಿಕೆಯೂ ಅಲ್ಲಿತ್ತು.

ಮಗಳು ಮೂರನೆಯದನ್ನು ಪಟ್ಟಿಯ ಮೊದಲಿಗೆ ತಂದಳು. ತಂದೆಯು ಸುಲಭವಾಗಿ ಒಪ್ಪಲಿಲ್ಲ. ಬಂಧುಗಳು ಕೇಳಿದರೆ ಯಾವ ಹೆಸರನ್ನು ಹೇಳಲೆಂದು ಕೊರಗಿದನು. ಆಗ ಮಗಳು, "ಅಪ್ಪಾಜಿ, ರೋಗಿಯ ಹಾಸಿಗೆಯ ಬಳಿಗೆ ರಾತ್ರಿ ಎರಡು ಗಂಟೆಗೆ ಹೆಸರು ಬರುವುದಿಲ್ಲ, ಗುರುಗಳು ಬರುತ್ತಾರೆ. ಅಜ್ಜನ ಕಡೆಯ ರಾತ್ರಿಯಲ್ಲಿ ಬೇಕಾಗಿದ್ದುದು ಯಾವುದು?" ಎಂದಳು. ತಂದೆಯು ಮರುಮಾತಾಡಲಿಲ್ಲ. ಅಷ್ಟು ಹೊತ್ತೂ ಮೌನವಾಗಿದ್ದ ತಾಯಿಯು ಒಂದೇ ಮಾತನ್ನು ಕೇಳಿದಳು: "ಅಲ್ಲಿ ರಾತ್ರಿಯ ಹೊತ್ತು ಊಟ ಸಿಗುತ್ತದೆಯೇನಮ್ಮ?" ಐದು ಪ್ರಶ್ನೆಗಳಿಗೂ ಉತ್ತರ ತಂದಿದ್ದ ಮಗಳ ಬಳಿ ಈ ಆರನೆಯದಕ್ಕೆ ಉತ್ತರವಿರಲಿಲ್ಲ.

ತಾಯಿಯ ಆ ಪ್ರಶ್ನೆಯನ್ನು ಸಭೆಯಲ್ಲಿರುವ ಹಿರಿಯರು ತಮ್ಮನ್ನೇ ಕೇಳಿದುದೆಂದು ಭಾವಿಸತಕ್ಕದ್ದು. ಬೆಳಗಾವಿಯಲ್ಲಿ ೧೯೬೩ರಲ್ಲಿ, ದಾವಣಗೆರೆಯಲ್ಲಿ ೧೯೬೫ರಲ್ಲಿ, ಮೈಸೂರಿನಲ್ಲಿ ೧೯೮೪ರಲ್ಲಿ, ಹೀಗೆಯೇ ವಿಜಯಪುರ, ಕಲಬುರಗಿ, ಚಿತ್ರದುರ್ಗಗಳಲ್ಲಿಯೂ ಸಮಾಜದ ದಾನಿಗಳೂ ಮಠಗಳೂ ಮುಂದೆ ನಿಂತು ವೈದ್ಯಕೀಯ ಕಾಲೇಜುಗಳನ್ನು ಕಟ್ಟಿದರು. ಅದಕ್ಕೂ ಮೊದಲು ಬಡ ವಿದ್ಯಾರ್ಥಿಗಳಿಗೆ ಉಚಿತ ಪ್ರಸಾದನಿಲಯಗಳನ್ನು ತೆರೆದು ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ನೀಡಿದ ಸಮಾಜವಿದು. ಹಸಿದ ವಿದ್ಯಾರ್ಥಿಗೆ ಹಗಲಿನಲ್ಲಿ ಪ್ರಸಾದವನ್ನಿತ್ತ ಪರಂಪರೆಯು, ನಡುರಾತ್ರಿಯಲ್ಲಿ ವಾರ್ಡಿನಿಂದ ಹೊರಬರುವ ತರುಣ ವೈದ್ಯನಿಗೆ ಬಿಸಿಯೂಟವನ್ನೂ, ಬಾಗಿಲು ಭದ್ರವಾಗಿರುವ ವಿಶ್ರಾಂತಿಯ ಕೊಠಡಿಯನ್ನೂ ಏರ್ಪಡಿಸುವುದು ಅಸಾಧ್ಯವಲ್ಲ. ಯಾವ ಯಾವ ಆಡಳಿತ ಮಂಡಲಿಯಲ್ಲಿ ಈ ಸಭೆಯ ಮಹನೀಯರು ಕುಳಿತಿರುವರೋ, ಅಲ್ಲೆಲ್ಲ ಮುಂದಿನ ಸಭೆಯಲ್ಲಿಯೇ ಈ ಪ್ರಶ್ನೆಯನ್ನು ಎತ್ತುವುದು ಈ ಮಹೋತ್ಸವಕ್ಕೆ ಸಲ್ಲುವ ಯೋಗ್ಯವಾದ ಕಾಣಿಕೆ. ಕಟ್ಟಡಕ್ಕೆ ಕಲ್ಲು ಕೊಟ್ಟವರ ಹೆಸರು ಗೋಡೆಯ ಮೇಲೆ ಉಳಿಯುವುದು. ನಿದ್ರೆಗೆ ನೆರಳು ಕೊಟ್ಟವರ ಪುಣ್ಯವು ರೋಗಿಗಳ ಪ್ರಾಣದಲ್ಲಿ ಉಳಿಯುವುದು.

ತಂದೆತಾಯಿಗಳಿಗೆ ಹೇಳತಕ್ಕ ಮಾತು ಒಂದುಂಟು. ಸ್ಥಾನವನ್ನು ಒಪ್ಪಿಕೊಳ್ಳುವ ಮೊದಲು ನಡುವೆ ಬಿಟ್ಟರೆ ತೆರಬೇಕಾದ ದಂಡವೆಷ್ಟು, ಬರೆದುಕೊಡಬೇಕಾದ ಕರಾರೇನು ಎಂಬುದನ್ನು ಸಂಪೂರ್ಣವಾಗಿ ಓದಿಕೊಳ್ಳಿರಿ. ಆದರೆ ಮಗನಾಗಲಿ ಮಗಳಾಗಲಿ ಎಂದಾದರೊಂದು ದಿನ ದೂರವಾಣಿಯಲ್ಲಿ "ಇನ್ನು ನನ್ನಿಂದ ಆಗುವುದಿಲ್ಲ" ಎಂದರೆ, ಆಗ ದಂಡದ ಮಾತನ್ನಾಗಲಿ, ನಾಲ್ಕು ಜನರು ಏನೆನ್ನುವರೆಂಬ ಮಾತನ್ನಾಗಲಿ ಆಡದಿರಿ. ಮೊದಲು "ಊಟವಾಯಿತೇ, ನಿದ್ರೆ ಮಾಡಿದೆಯಾ?" ಎಂದು ಕೇಳಿರಿ, ಅನಂತರ ಹೊರಟುಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಬೊಮ್ಮನಹಳ್ಳಿಗೆ ಸಮೀಪದ ನಿಮ್ಹಾನ್ಸ್ ಸಂಸ್ಥೆಯ ಮಾರ್ಗದರ್ಶನವುಳ್ಳ ಟೆಲಿಮಾನಸ್ ಎಂಬ ಸಹಾಯವಾಣಿಯು ೨೦೨೨ರಿಂದ ನಡೆಯುತ್ತಿದೆ. ೧೪೪೧೬ ಎಂಬ ಅಂಕಿಗೆ ಕರೆಮಾಡಿದರೆ ಹಗಲಾಗಲಿ ರಾತ್ರಿಯಾಗಲಿ ಕನ್ನಡದಲ್ಲಿಯೇ ಮಾತನಾಡುವವರು ದೊರೆಯುವರು. ವೈದ್ಯನಿಗೂ ವೈದ್ಯನು ಬೇಕಾಗುವ ದಿನವುಂಟು. ಅದರಲ್ಲಿ ಅವಮಾನವೇನೂ ಇಲ್ಲ. ಬಿಟ್ಟ ಸ್ಥಾನವನ್ನು ಮತ್ತೆ ಪಡೆಯಬಹುದು. ಬಿಟ್ಟ ಪ್ರಾಣವನ್ನು ಪಡೆಯಲಾಗದು.

ವಿದ್ಯಾರ್ಥಿಗಳಿಗಾದರೋ ಇಷ್ಟೇ ಮಾತು. ಮುಂದಿನ ಪದವಿಯನ್ನು ಬಯಸುವುದು ದೋಷವಲ್ಲ; ಹೃದಯವನ್ನೂ ಮೆದುಳನ್ನೂ ಬಲ್ಲ ತಜ್ಞರು ನಾಡಿಗೆ ಅವಶ್ಯರು. ಆದರೆ ಮೂರು ವರ್ಷಗಳ ಈ ನಿವಾಸವನ್ನು ಮುಂದಿನ ಪದವಿಗೆ ಏಣಿಯೆಂದು ಮಾತ್ರ ಎಣಿಸಿದವನು, ಏಣಿಯ ಮೆಟ್ಟಿಲುಗಳೆಲ್ಲ ರೋಗಿಗಳ ದೇಹಗಳೆಂಬುದನ್ನು ಮರೆಯುತ್ತಾನೆ. ಈ ಅವಧಿಯಲ್ಲಿಯೇ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಬೇಕೆಂದು ನಿಯಮವಿದೆ. ಅನೇಕರು ಅದನ್ನು ಕಾಲಹರಣವೆಂದು ಭಾವಿಸುವುದುಂಟು. ಹಳ್ಳಿಯಿಂದ ಎತ್ತಿತಂದ ರೋಗಿಯ ಮುಂದೆ, ದೊಡ್ಡ ಯಂತ್ರಗಳ ನೆರವಿಲ್ಲದೆ ಕಣ್ಣು, ಕಿವಿ, ಬೆರಳುಗಳಿಂದಲೇ ರೋಗವನ್ನು ಅರಿಯುವ ವಿದ್ಯೆಯು ಅಲ್ಲಿ ದೊರೆಯುವಂತೆ ಬೇರೆಲ್ಲಿಯೂ ದೊರೆಯದು. ಆದಕಾರಣ ಸ್ಥಾನವನ್ನು ಆರಿಸುವಾಗ ಹೆಸರನ್ನು ಕಡೆಗೆ ನೋಡಿರಿ, ಗಂಟೆಗಳನ್ನು ನಡುವೆ ನೋಡಿರಿ, ಗುರುವನ್ನು ಮೊದಲು ನೋಡಿರಿ. ಮುಂದೆ ನೀವೇ ಹಿರಿಯರಾದಾಗ, ಅಪರಾತ್ರಿಯಲ್ಲಿ ಕಿರಿಯನೊಬ್ಬನು ಕರೆದರೆ, ಹಾಸಿಗೆಯಿಂದ ಎದ್ದು ಹೋಗಿರಿ. ಗುರುಕುಲವು ಗ್ರಂಥಗಳಲ್ಲಿ ಉಳಿಯುವುದಿಲ್ಲ. ಹಾಗೆ ಎದ್ದು ನಡೆಯುವ ಕಾಲುಗಳಲ್ಲಿ ಉಳಿಯುವುದು.

ಆಸ್ಪತ್ರೆಗಳೆಲ್ಲ ಗುರುಕುಲಗಳಾಗಲಿ, ತರುಣ ವೈದ್ಯರ ಕಾಯಕಕ್ಕೆ ಅಳತೆಯೂ ಅಳತೆಗೆ ಆಸರೆಯೂ ದೊರೆಯಲಿ, ರೋಗಿಗಳಿಗೆ ಆರೋಗ್ಯವೂ ಅವರನ್ನು ಕಾಯುವವರಿಗೆ ನೆಮ್ಮದಿಯ ನಿದ್ರೆಯೂ ಲಭಿಸಲಿ ಎಂದು ಶ್ರೀಗುರುವಿನ ಪಾದಾರವಿಂದಗಳಲ್ಲಿ ಪ್ರಾರ್ಥಿಸಿ ಈ ಉಪನ್ಯಾಸವು ಮುಗಿಸಲ್ಪಟ್ಟಿತು.

॥ ಶಿವಂ ಭೂಯಾತ್ ॥